ತಿನ್ನೋದರ ಚರಿತ್ರೆ, ಭಾಗ 5: ಬೆಲ್ಲ ಬೆಳ್ಳಗಾದ ಕಥೆ

ಈ ವಾರ ಮೂರು ನೈಟ್ ಡ್ಯೂಟಿ ಮುಗಿಸಿ ಎರಡು ದಿನ ರಜ ಸಿಕ್ಕಿದೆ, ಅದಕ್ಕೇ ಪೋಸ್ಟು ಸ್ವಲ್ಪ ಉದ್ದ. ಪುರುಸೊತ್ತು ಮಾಡಿಕೊಂಡು ಓದಿ.

ಹೋದ ಭಾಗದಲ್ಲಿ ಗೋಬಿ ಮಂಚೂರಿಯ ಕೆಂಪು ಬಣ್ಣದ ವಿಷಯ ಬರೆದಿದ್ದೆ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಹಾಕುವುದನ್ನೂ ನಿಷೇಧಿಸಿದರಲ್ಲ, ಅದು. 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ, 25 ಬಾಂಬೆ ಮಿಠಾಯಿಯಲ್ಲಿ 15 ಅಸುರಕ್ಷಿತ ಅಂತ ಆಗ ವರದಿ ಬಂದಿತ್ತು. ಅದನ್ನು ಓದಿ ನಮ್ಮೂರ ಕಡೆಯಿಂದ ಬಂದ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು: "ನಾವು ಅದನ್ನೆಲ್ಲ ಬಿಟ್ಟು ಬಹಳ ದಿನ ಆಯ್ತು ಕಣಮ್ಮ. ಮನೇಲಿ ಸಕ್ಕರೆನೂ ತರ್ತಾ ಇಲ್ಲ. ಬರೀ ಬೆಲ್ಲ. ಅದೂ ಸಾವಯವ."

ಸಂತೋಷ. ಆದರೆ ಆ ಬೆಲ್ಲ ಯಾವ ಬಣ್ಣದ್ದು ಅಂತ ಕೇಳಿದೆ. "ಚೆನ್ನಾಗಿದೆ, ಹಳದಿಗೆ ಬೆಳ್ಳಗೆ ಇದೆ" ಅಂದರು ನಮ್ಮ ಚಿಕ್ಕಮ್ಮ. ಹಾಗಾಗಿ ಈ ಸಲ ಬೆಲ್ಲದ ಚರಿತ್ರೆ. ಮಂಡ್ಯದವರಿಗೆ ಬೆಲ್ಲದ ಬಗ್ಗೆ ಹೇಳುವಷ್ಟು ದೊಡ್ಡವಳಲ್ಲ ನಾನು. ಆಲೆಮನೆಯ ಬಾಗಿಲಲ್ಲಿ ಕಬ್ಬಿನ ಹಾಲು ಕುಡಿದು ಬೆಳೆದವರು ನೀವು. ಆದರೆ ಆಲೆಮನೆಗೆ ಗಂಧಕ ಹೇಗೆ ಬಂತು ಅನ್ನುವುದನ್ನು ಯಾರೂ ನಮಗೆ ಕೂರಿಸಿಕೊಂಡು ಹೇಳಲಿಲ್ಲ.

ಮೊದಲು ಒಂದು ಭ್ರಮೆ ಕಳೆದುಕೊಳ್ಳೋಣ. "ನಮ್ಮಜ್ಜನ ಕಾಲದಲ್ಲಿ ಬೆಲ್ಲಕ್ಕೆ ಏನೂ ಹಾಕ್ತಿರಲಿಲ್ಲ" ಅನ್ನುವುದು ಸುಳ್ಳು. ಹಾಕ್ತಿದ್ದರು. ಗಾಣದಿಂದ ಬಂದ ಕಬ್ಬಿನ ಹಾಲು ಹುಳಿ ಗುಣದ್ದು, ಅದರಲ್ಲಿ ಮಣ್ಣು, ಮೇಣ, ಸಿಪ್ಪೆಯ ಪುಡಿ, ಅಂಟು ಎಲ್ಲ ಇರುತ್ತದೆ. ಹಾಗೇ ಕಾಯಿಸಿದರೆ ಹುಳಿಯ ಗುಣಕ್ಕೆ ಸಕ್ಕರೆಯ ಅಂಶ ಒಡೆದು ಪಾಕ ಗಟ್ಟಿ ಕೂರುವುದಿಲ್ಲ, ಅಚ್ಚಿನಲ್ಲಿ ಹುಯ್ದರೆ ಅಂಟಂಟಾಗಿ ನೀರು ಬಿಡುತ್ತದೆ. ಅದಕ್ಕೇ ಸುಣ್ಣದ ತಿಳಿನೀರು. ಸುಣ್ಣ ಬಿದ್ದ ಕೂಡಲೆ ಹುಳಿ ತಗ್ಗುತ್ತದೆ, ಕಸ ಒಟ್ಟುಗೂಡುತ್ತದೆ. ಆಮೇಲೆ ಜಜ್ಜಿದ ಬೆಂಡೆ ಗಿಡದ ಲೋಳೆ. ಕೊಪ್ಪರಿಗೆ ಬಿಸಿಯೇರುವಾಗ ಆ ಲೋಳೆ ಕಸವನ್ನೆಲ್ಲ ಅಪ್ಪಿಕೊಂಡು ಮಡ್ಡಿಯಾಗಿ ಮೇಲೆ ತೇಲುತ್ತದೆ, ದೊಡ್ಡ ಜಾಲರಿ ಸೌಟಿನಲ್ಲಿ ಅದನ್ನು ತೆಗೆದು ಚೆಲ್ಲುತ್ತಾರೆ. ನೊರೆ ಉಕ್ಕಿ ಬಂದರೆ ನಾಲ್ಕು ಹನಿ ಹರಳೆಣ್ಣೆ. ಕೆಲವು ಕಡೆ ಕಡಲೆಕಾಯಿ ಅರೆದ ಹಾಲನ್ನೂ ಕಸ ತೆಗೆಯಲು ಹಾಕುತ್ತಿದ್ದರು.

ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಸುಣ್ಣ, ಬೆಂಡೆ, ಹರಳೆಣ್ಣೆ ಎಲ್ಲವೂ ಸೇರ್ಪಡೆಗಳೇ, ಅಥವಾ ಸಂಸ್ಕರಣೆಯ ಸಹಾಯಕ ವಸ್ತುಗಳು. ಸುಣ್ಣಕ್ಕೆ ಯುರೋಪಿನ ಪಟ್ಟಿಯಲ್ಲಿ ನಂಬರೂ ಇದೆ, ಇ 526. ಪ್ಯಾಕೆಟ್ಟಿನ ಹಿಂದೆ "ಇ 526" ಅಂತ ಬರೆದಿದ್ದರೆ ನಮ್ಮವರು ಅದನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ. "ಸುಣ್ಣ" ಅಂತ ಬರೆದಿದ್ದರೆ ಎಲೆ ಅಡಿಕೆ ಹಾಕಿಕೊಂಡು ಮನೆಗೆ ತರುತ್ತಾರೆ!

ಈಗ ಗಂಧಕದ ಕಥೆ. ಅದು ಶುರುವಾಗುವುದು ಆಲೆಮನೆಯಲ್ಲಿ ಅಲ್ಲ, ಬಿಳಿ ಸಕ್ಕರೆಯಲ್ಲಿ.

ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಮಂಡ್ಯಕ್ಕೆ ಹರಿದದ್ದು 1930ರ ದಶಕದ ಆರಂಭದಲ್ಲಿ. ಮೊದಲು ಇರ್ವಿನ್ ನಾಲೆ, ಆಮೇಲೆ ವಿಶ್ವೇಶ್ವರಯ್ಯ ನಾಲೆ. ರಾಗಿ, ಹುರುಳಿಯ ಹೊಲಗಳಿಗೆ ಕಬ್ಬು ಬಂತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮುಂತಾದವರ ಪ್ರಯತ್ನದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮ ಬಾಯಲ್ಲಿ ಮೈಷುಗರ್, ಹುಟ್ಟಿತು. ಅದಕ್ಕೆ ಒಂದು ವರ್ಷ ಮುಂಚೆ, 1932ರಲ್ಲಿ, ಭಾರತ ಸರ್ಕಾರ ಹೊರದೇಶದ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಹಾಕಿತ್ತು. ಕೆಲವೇ ವರ್ಷಗಳಲ್ಲಿ ದೇಶದ ಸಕ್ಕರೆ ಕಾರ್ಖಾನೆಗಳು ಮೂವತ್ತರ ಆಸುಪಾಸಿನಿಂದ ನೂರು ದಾಟಿದವು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅಂದರೆ ನಮ್ಮ ಜಿಲ್ಲೆಗಿಂತ ನಮ್ಮ ಸಕ್ಕರೆ ಫ್ಯಾಕ್ಟರಿಗೆ ವಯಸ್ಸು ಜಾಸ್ತಿ.

ಈ ಕಾರ್ಖಾನೆಗಳ ಸಕ್ಕರೆ ಬೆಳ್ಳಗಿರುವುದು ಹೇಗೆ? ಭಾರತದ ಬಹುಪಾಲು ಕಾರ್ಖಾನೆಗಳು ಬಳಸಿಕೊಂಡು ಬಂದದ್ದು ಗಂಧಕದ ವಿಧಾನ. ಗಂಧಕವನ್ನು ಸುಟ್ಟು ಆ ಹೊಗೆಯನ್ನು, ಅಂದರೆ ಸಲ್ಫರ್ ಡೈಆಕ್ಸೈಡನ್ನು, ಸುಣ್ಣ ಹಾಕಿದ ಕಬ್ಬಿನ ಹಾಲಿಗೆ ಹಾಯಿಸುತ್ತಾರೆ, ಪಾಕವಾದ ಮೇಲೆ ಇನ್ನೊಂದು ಸಲ ಹಾಯಿಸುತ್ತಾರೆ. ಕಸ ಇಳಿಯುತ್ತದೆ, ಬಣ್ಣ ಹೋಗುತ್ತದೆ. ಅಂಗಡಿಯಲ್ಲಿ ಈ ಬಿಳಿ ಸಕ್ಕರೆ ಸಿಗತೊಡಗಿದ ಮೇಲೆ ಪಟ್ಟಣದವರ ಕಣ್ಣು ಕೆಟ್ಟಿತು ಅಂತಲೇ ನಾನು ಹೇಳುತ್ತೇನೆ. ಬಿಳಿ ಅಂದರೆ ಶುದ್ಧ, ಕಪ್ಪು ಅಂದರೆ ಕೊಳಕು. (ಮೈಬಣ್ಣದ ವಿಷಯದಲ್ಲೂ ನಮ್ಮವರು ಇದೇ ಲೆಕ್ಕ ಹಾಕುತ್ತಾರೆ, ಆ ಜಗಳ ಇನ್ನೊಂದು ದಿನ.) ಮಂಡಿಯಲ್ಲಿ ಕಪ್ಪು ಬೆಲ್ಲಕ್ಕೆ ರೇಟು ಬೀಳತೊಡಗಿತು. ಹಳದಿ ಬೆಲ್ಲಕ್ಕೆ ಮೇಲಿನ ರೇಟು. ಆಲೆಮನೆಯವನು ಏನು ಮಾಡಬೇಕು? ಅವನ ಹತ್ತಿರ ಕಾರ್ಖಾನೆಯ ಗಂಧಕದ ಒಲೆ ಇಲ್ಲ.

ಅವನ ಕೈಗೆ ಸಿಕ್ಕಿದ್ದು ಹೈಡ್ರೋಸ್. ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಬಿಳಿ ಪುಡಿ, ಮೂಗಿಗೆ ಬಡಿಯುವ ವಾಸನೆ. ಇದು ಅಡುಗೆಮನೆಗಾಗಿ ಹುಟ್ಟಿದ್ದಲ್ಲ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ನೀಲಿ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಬಟ್ಟೆಗೆ ಹಿಡಿಸಬೇಕಾದರೆ ಮೊದಲು ಅದರ ಬಣ್ಣ ಕಳೆದು ಕರಗುವಂತೆ ಮಾಡಬೇಕು, ಬಟ್ಟೆಗೆ ಏರಿದ ಮೇಲೆ ಗಾಳಿ ತಾಗಿ ಮತ್ತೆ ನೀಲಿಯಾಗುತ್ತದೆ. ಬಣ್ಣ ಕಳೆಯುವ ಆ ಕೆಲಸಕ್ಕೆ 20ನೆಯ ಶತಮಾನದ ಆರಂಭದಿಂದ ಬಣ್ಣದ ಹೌಸುಗಳಲ್ಲಿ ಬಳಕೆಗೆ ಬಂದದ್ದು ಹೈಡ್ರೋಸ್. ನೂಲಿನ ಬಣ್ಣ ಕಳೆಯುವ ಪುಡಿ ಕಬ್ಬಿನ ಹಾಲಿನ ಬಣ್ಣವನ್ನೂ ಕಳೆಯುತ್ತದೆ. ಕುದಿಯುವ ಕೊಪ್ಪರಿಗೆಗೆ ಒಂದು ಹಿಡಿ ಎಸೆದರೆ ಕಂದು ಪಾಕ ಕಣ್ಣೆದುರಿಗೇ ಹಳದಿಗೆ ತಿರುಗುತ್ತದೆ. ಕಸವನ್ನು ಅದು ತೆಗೆಯುವುದಿಲ್ಲ, ಬಣ್ಣವನ್ನಷ್ಟೇ ಮರೆಸುತ್ತದೆ. ನೀಲಿ ಬಟ್ಟೆಗೆ ಆದದ್ದೇ ಬೆಲ್ಲಕ್ಕೂ ಆಗುತ್ತದೆ: ಗಾಳಿಯಾಡಿ, ನಾಲ್ಕಾರು ತಿಂಗಳು ಕಳೆದರೆ ಬಣ್ಣ ಮತ್ತೆ ಕಂದಾಗುತ್ತಾ ಬರುತ್ತದೆ. ಅಷ್ಟರಲ್ಲಿ ಮಂಡಿಯಲ್ಲಿ ಮಾರಾಟ ಮುಗಿದಿರುತ್ತದೆ.

ನಮ್ಮ ಸೋದರಮಾವ ಆಲೆಮನೆ ನಡೆಸುತ್ತಿದ್ದರು. ಹೈಡ್ರೋಸ್ ಡಬ್ಬದ ಮುಚ್ಚಳ ತೆಗೆಯುವಾಗ ಟವಲ್ಲಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಮನೆಗೆ ಅಂತ ಎತ್ತಿಡುವ ಉಂಡೆಗಳಿಗೆ ಮಾತ್ರ ಅದನ್ನು ಹಾಕುತ್ತಿರಲಿಲ್ಲ. "ಇದು ಮಂಡಿಗೆ, ಇದು ಮನೆಗೆ" ಅಂತ ಎರಡು ಸಾಲು. ಕೆಟ್ಟ ಮನುಷ್ಯರಲ್ಲ ಅವರು. ಕಪ್ಪು ಬೆಲ್ಲ ಒಯ್ದ ವರ್ಷ ಬಾಡಿಗೆ ಗಾಡಿಯ ಕಾಸೂ ಹುಟ್ಟದೆ ವಾಪಸು ಬಂದದ್ದು ಮನೆಯವರಿಗೆಲ್ಲ ನೆನಪಿದೆ.

ಕಾನೂನು ಇತ್ತೇ ಅಂತ ಕೇಳುತ್ತೀರಿ. ಇತ್ತು. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ನಿಯಮಗಳ ಕಾಲದಿಂದ ಬಂದ ಮಿತಿ, ಈಗ 2006ರ ಆಹಾರ ಸುರಕ್ಷತಾ ಕಾಯ್ದೆಯ ಕೆಳಗೂ ಇದೆ: ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ ಮೀರಬಾರದು. ಅಂದರೆ ಒಂದು ಕೆಜಿಗೆ 70 ಮಿಲಿಗ್ರಾಂ. ಆದರೆ ಕೊಪ್ಪರಿಗೆಗೆ ಹಾಕುವುದು ಹಿಡಿ ಲೆಕ್ಕದಲ್ಲಿ. ಹಿಡಿ ಯಾರದ್ದು, ಎಷ್ಟು ದೊಡ್ಡದು? ಮಿಲಿಗ್ರಾಂ ಅಳೆಯುವ ತಕ್ಕಡಿ ಯಾವ ಆಲೆಮನೆಯಲ್ಲಿತ್ತು?

ಈಗ ನನ್ನ ಕಸುಬಿನ ಲೆಕ್ಕ. ಡೋಸ್ ಲೆಕ್ಕ ಹಾಕುವುದು ನರ್ಸುಗಳಿಗೆ ಅಭ್ಯಾಸ, ಸ್ವಲ್ಪ ಸಹಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಆಹಾರ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಸಲ್ಫೈಟಿಗೆ ಇಟ್ಟ ದಿನದ ಮಿತಿ ದೇಹದ ತೂಕದ ಪ್ರತಿ ಕೆಜಿಗೆ 0.7 ಮಿಲಿಗ್ರಾಂ. 20 ಕೆಜಿಯ ಮಗುವಿಗೆ ದಿನಕ್ಕೆ 14 ಮಿಲಿಗ್ರಾಂ ಆಯಿತು. 70 ಪಿಪಿಎಂ ಇರುವ ಬೆಲ್ಲವನ್ನು ಮಗು 50 ಗ್ರಾಂ ತಿಂದರೆ ಒಳಗೆ ಹೋಗುವುದು 3.5 ಮಿಲಿಗ್ರಾಂ, ಮಿತಿಯ ಕಾಲು ಭಾಗ. ಗಾಬರಿಯಾಗುವಂಥದ್ದು ಏನಿಲ್ಲ. ಹಿಡಿ ದೊಡ್ಡದಾಗಿ ಬೆಲ್ಲದಲ್ಲಿ ಅದರ ನಾಲ್ಕರಷ್ಟು ಉಳಿದಿದ್ದರೆ ಮಾತ್ರ ಅದೇ 50 ಗ್ರಾಮಿಗೆ ಮಿತಿ ಮುಗಿಯಿತು, ಬೇರೆ ತಿಂಡಿಯಿಂದ ಬರುವುದಕ್ಕೆ ಜಾಗವೇ ಇಲ್ಲ. ಇದರ ಜೊತೆಗೆ ಇನ್ನೊಂದು ವಿಷಯ: ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ತಾನು 2016ರಲ್ಲಿ ತಾತ್ಕಾಲಿಕವಾಗಿ ಒಪ್ಪಿದ್ದ ಇದೇ 0.7ರ ಅಂಕಿಯನ್ನು 2022ರಲ್ಲಿ ವಾಪಸು ತೆಗೆದುಕೊಂಡಿತು. ಅಷ್ಟು ಖಚಿತವಾಗಿ ಹೇಳಲು ಸಾಕಷ್ಟು ಮಾಹಿತಿ ಇಲ್ಲ, ಹೆಚ್ಚು ತಿನ್ನುವವರ ವಿಷಯದಲ್ಲಿ ಕಾಳಜಿ ಇದೆ ಅಂತ.

ಆಸ್ತಮಾ ಇರುವವರಿಗೆ ಈ ಸರಾಸರಿ ಲೆಕ್ಕ ಅನ್ವಯಿಸುವುದೇ ಇಲ್ಲ. ಆಸ್ತಮಾ ಇರುವ ನೂರು ಜನರಲ್ಲಿ 3ರಿಂದ 10 ಜನಕ್ಕೆ ಸಲ್ಫೈಟ್ ತಾಗುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಅಂಥವರಿಗೆ ಸ್ವಲ್ಪವೇ ಸಾಕು, ಕೆಲವೇ ನಿಮಿಷಗಳಲ್ಲಿ ಎದೆ ಬಿಗಿಯುತ್ತದೆ. ಅಮೆರಿಕದಲ್ಲಿ ಹೋಟೆಲಿನವರು ಸಲಾಡ್ ಎಲೆ ಬಾಡದಿರಲಿ ಅಂತ ಸಲ್ಫೈಟ್ ನೀರು ಚಿಮುಕಿಸುತ್ತಿದ್ದರು. ತಿಂದವರಲ್ಲಿ ಸಾವುಗಳು ವರದಿಯಾದ ಮೇಲೆ 1986ರಲ್ಲಿ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಅದನ್ನು ನಿಷೇಧಿಸಿದರು, 10 ಪಿಪಿಎಂ ಮೀರಿದರೆ ಲೇಬಲ್ಲಿನಲ್ಲಿ ಬರೆಯಲೇಬೇಕು ಅಂದರು. ನಮ್ಮ ಮನೆತನದಲ್ಲೇ ಇಬ್ಬರು ಇನ್ಹೇಲರ್ ಇಟ್ಟುಕೊಂಡು ಓಡಾಡುವವರಿದ್ದಾರೆ. ಯಾರು ಅಂತ ನಿಮಗೆ ಗೊತ್ತು. "ಸಾವಯವ ಬೆಲ್ಲ ತಾನೆ, ಏನೂ ಆಗಲ್ಲ ತಿನ್ನು" ಅಂತ ಅವರಿಗೆ ಬಲವಂತ ಮಾಡುವವರೂ ಇದ್ದೀರಿ. ಈ ಪೋಸ್ಟು ಅದಕ್ಕಾಗಿಯೇ. ಹಾಂ, ಸಲ್ಫಾ ಮಾತ್ರೆಯ ಅಲರ್ಜಿ ಬೇರೆ, ಸಲ್ಫೈಟ್ ತೊಂದರೆ ಬೇರೆ. ಒಂದಿದ್ದರೆ ಇನ್ನೊಂದು ಇರಬೇಕಂತಿಲ್ಲ. ಡಾಕ್ಟರ ಹತ್ತಿರ ಹೇಳುವಾಗ ಎರಡನ್ನೂ ಸೇರಿಸಿ "ಸಲ್ಫರ್ ಅಲರ್ಜಿ" ಅಂತ ಹೇಳಬೇಡಿ.

ಗಂಧಕದ ಮೇಲಿನ ಜಗಳ ನಮ್ಮ ಮಂಡಿಗಿಂತ ಹಳೆಯದು. 1902ರಲ್ಲಿ ವಾಷಿಂಗ್ಟನ್ನಿನಲ್ಲಿ ಡಾ. ಹಾರ್ವೆ ವೈಲಿ ಅನ್ನುವ ಸರ್ಕಾರಿ ರಸಾಯನಶಾಸ್ತ್ರಜ್ಞರು ಹನ್ನೆರಡು ಜನ ಆರೋಗ್ಯವಂತ ಹುಡುಗರನ್ನು ಕೂರಿಸಿ, ಆಹಾರ ಕೆಡದಂತೆ ಹಾಕುವ ವಸ್ತುಗಳನ್ನು ಅವರಿಗೆ ಊಟದೊಂದಿಗೆ ಕೊಟ್ಟು ನೋಡಿದರು. ಪತ್ರಿಕೆಯವರು ಅವರಿಗೆ "ವಿಷದ ದಳ" ಅಂತ ಹೆಸರಿಟ್ಟರು. ಮೊದಲು ಬೋರಾಕ್ಸ್, ಆಮೇಲೆ ಒಂದೊಂದಾಗಿ ಬೇರೆಯವು, ಅದರಲ್ಲಿ ಗಂಧಕದ ಆಮ್ಲವೂ ಒಂದು. 1906ರಲ್ಲಿ ಶುದ್ಧ ಆಹಾರ ಕಾನೂನು ಬಂತು. ಒಣಹಣ್ಣಿನಲ್ಲಿ ಗಂಧಕಕ್ಕೆ ಮಿತಿ ಹಾಕಲು ಹೊರಟಾಗ ಕ್ಯಾಲಿಫೋರ್ನಿಯಾದ ಬೆಳೆಗಾರರು ಬೊಬ್ಬೆ ಹಾಕಿದರು, 1908ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬೇರೆ ವಿಜ್ಞಾನಿಗಳ ಮಂಡಳಿಯನ್ನೇ ನೇಮಿಸಿದರು. ಅವರದ್ದೂ ನಮ್ಮ ಮಾವನದ್ದೇ ಕಷ್ಟ: ಬಣ್ಣ ಹೋದರೆ ಗಿರಾಕಿ ಹೋಗುತ್ತಾನೆ.

ಆ ಒಣಹಣ್ಣು ಇವತ್ತಿಗೂ ಇಲ್ಲಿ ನನ್ನ ಮನೆಯ ಹಿಂದಿನ ರಸ್ತೆಯ ಅಂಗಡಿಯಲ್ಲಿದೆ. ಟರ್ಕಿಯ ಏಪ್ರಿಕಾಟ್, ಪಕ್ಕಪಕ್ಕದಲ್ಲಿ ಎರಡು ಪ್ಯಾಕೆಟ್. ಒಂದು ಕಿತ್ತಳೆ ಬಣ್ಣದ್ದು, ಮೆತ್ತಗೆ ಹೊಳೆಯುತ್ತದೆ, ಹಿಂದೆ ಇ 220 ಅಂತ ಬರೆದಿದೆ, ಅಂದರೆ ಸಲ್ಫರ್ ಡೈಆಕ್ಸೈಡ್. ಇನ್ನೊಂದು ಸಾವಯವ, ನಮ್ಮ ಹುಣಸೆಹಣ್ಣಿನ ಹಾಗೆ ಕಂದು, ನೋಡಲು ಚೆಂದವಿಲ್ಲ, ಬೆಲೆ ಜಾಸ್ತಿ. ಯುರೋಪಿನ ನಿಯಮದಲ್ಲಿ ಒಣ ಏಪ್ರಿಕಾಟಿಗೆ ಒಂದು ಕೆಜಿಗೆ 2000 ಮಿಲಿಗ್ರಾಂವರೆಗೆ ಬಿಡುತ್ತಾರೆ, ನಮ್ಮ ಬೆಲ್ಲದ ಮಿತಿ 70! ನಾಲ್ಕೈದು ಹಣ್ಣು, 40 ಗ್ರಾಂ ಅಂದುಕೊಳ್ಳಿ, ಗರಿಷ್ಠ ಮಟ್ಟದಲ್ಲಿದ್ದರೆ 80 ಮಿಲಿಗ್ರಾಂ. 60 ಕೆಜಿ ತೂಕದವರ ದಿನದ ಮಿತಿ 42. ಊರಿಗೆ ಬರುವಾಗ ಎಲ್ಲರಿಗೂ ಡ್ರೈಫ್ರೂಟ್ಸ್ ತರುತ್ತೇನಲ್ಲ, ಈ ಸಲ ಕಂದು ಏಪ್ರಿಕಾಟ್ ಬಂದರೆ "ಹಳೇದು ತಂದಿದ್ದಾಳೆ" ಅಂತ ಮಾತಾಡಿಕೊಳ್ಳಬೇಡಿ.

ಇಲ್ಲಿ ಪ್ಯಾಕೆಟ್ಟಿನ ಮೇಲೆ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿರುತ್ತದೆ, ಸಾವಯವ ಪದಾರ್ಥಗಳಿಗೆ ಯುಎಇಯಲ್ಲಿ 2009ರಿಂದ ಪ್ರತ್ಯೇಕ ಒಕ್ಕೂಟ ಕಾನೂನೇ ಇದೆ. ನಮ್ಮಲ್ಲೂ ಕಡಿಮೆಯೇನಿಲ್ಲ. ದೇಶದಲ್ಲೇ ಮೊದಲು ಸಾವಯವ ಕೃಷಿ ನೀತಿ ತಂದದ್ದು ಕರ್ನಾಟಕ, 2004ರಲ್ಲಿ. 2017ರಿಂದ ಸಾವಯವ ಅಂತ ಪ್ಯಾಕೆಟ್ ಮಾರುವವರಿಗೆ ಕೇಂದ್ರದ ನಿಯಮ ಮತ್ತು ಜೈವಿಕ್ ಭಾರತ್ ಗುರುತು ಬಂದಿವೆ. ಆದರೆ ಸಾವಯವ ಅನ್ನುವ ಗುರುತು ಮುಖ್ಯವಾಗಿ ಹೊಲದ ಬಗ್ಗೆ ಮಾತಾಡುತ್ತದೆ: ಯೂರಿಯಾ ಇಲ್ಲ, ಕೀಟನಾಶಕ ಇಲ್ಲ. ಹೊಲದಿಂದ ಆಚೆ, ಸಂಸ್ಕರಣೆಯಲ್ಲಿ ಏನು ಹಾಕಬಹುದು ಅನ್ನುವುದಕ್ಕೆ ಬೇರೆ ಪಟ್ಟಿ ಇರುತ್ತದೆ, ಆ ಪಟ್ಟಿ ಖಾಲಿಯಲ್ಲ. ಯುರೋಪಿನ ಸಾವಯವ ಪಟ್ಟಿಯಲ್ಲಿ ಐವತ್ತರ ಆಸುಪಾಸು ಸೇರ್ಪಡೆಗಳಿವೆ. ನಿಂಬೆಹುಳಿ ಇದೆ, ಪಾಚಿಯಿಂದ ತೆಗೆದ ಕ್ಯಾರಗೀನನ್ ಇದೆ, ಮಾಂಸ ಕೆಡದಂತೆ ಹಾಕುವ ಸೋಡಿಯಂ ನೈಟ್ರೈಟ್ ಕೂಡ ಕಡಿಮೆ ಪ್ರಮಾಣದಲ್ಲಿ ಇದೆ, ದ್ರಾಕ್ಷಾರಸಕ್ಕೆ ಇದೇ ಸಲ್ಫರ್ ಡೈಆಕ್ಸೈಡೂ ಇದೆ. ಅಮೆರಿಕದಲ್ಲಿ ಕ್ಯಾರಗೀನನ್ನನ್ನು ಸಾವಯವ ಪಟ್ಟಿಯಿಂದ ತೆಗೆಯಬೇಕು ಅಂತ ಸಲಹಾ ಮಂಡಳಿ 2016ರಲ್ಲಿ ಮತ ಹಾಕಿತು. 2018ರಲ್ಲಿ ಕೃಷಿ ಇಲಾಖೆ ಅದನ್ನು ಉಳಿಸಿಕೊಂಡಿತು.

ಇನ್ನು "ನ್ಯಾಚುರಲ್", "ನೈಸರ್ಗಿಕ" ಅನ್ನುವ ಪದ. ಅದಕ್ಕೆ ನಾನು ಒಂದು ರೂಪಾಯಿ ಬೆಲೆಯನ್ನೂ ಕೊಡುವುದಿಲ್ಲ. ಗಂಧಕವೂ ನೈಸರ್ಗಿಕವೇ, ಭೂಮಿಯಿಂದ ಬಂದದ್ದೇ.

ಚಿಕ್ಕಪ್ಪನ ಮಗ, ನಮ್ಮ ತಮ್ಮ, ಹೈಡ್ರೋಸ್ ಬಿಟ್ಟು ಬೆಲ್ಲ ಮಾಡತೊಡಗಿ ಎರಡು ಸೀಸನ್ ಆಯಿತು. ಮಂಡ್ಯದ ವಿ.ಸಿ. ಫಾರ್ಮಿನ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ನೋಡಿಕೊಂಡು ಬಂದ, ಬೆಂಡೆ ಲೋಳೆಗೆ ವಾಪಸಾದ, ಸುಣ್ಣ ಮತ್ತು ಸ್ವಲ್ಪ ಅಡುಗೆ ಸೋಡಾ ಇಟ್ಟುಕೊಂಡ. ಅಬುಧಾಬಿಯ ಕನ್ನಡದವರಿಗೆ ಮಾರೋಣ, "ಯಾವುದೇ ರಾಸಾಯನಿಕ ಇಲ್ಲ, ನೂರಕ್ಕೆ ನೂರು ನೈಸರ್ಗಿಕ" ಅಂತ ಲೇಬಲ್ ಮಾಡಿಸ್ತೀನಿ ಅಕ್ಕ ಅಂದ. ಬೇಡ ಅಂದೆ. ಸುಣ್ಣ ರಾಸಾಯನಿಕ, ಸೋಡಾ ರಾಸಾಯನಿಕ, ಬೆಲ್ಲವೂ ರಾಸಾಯನಿಕ. ಹಾಕಿದ್ದನ್ನು ಹಾಕಿದ ಹಾಗೆ ಬರಿ: ಕಬ್ಬಿನ ಹಾಲು, ಸುಣ್ಣ, ಬೆಂಡೆ ಲೋಳೆ, ಅಡುಗೆ ಸೋಡಾ. ಹೈಡ್ರೋಸ್ ಹಾಕಿಲ್ಲ ಅಂತ ಬರೆಯುವುದಾದರೆ ಲ್ಯಾಬಿನಲ್ಲಿ ಸಲ್ಫರ್ ಡೈಆಕ್ಸೈಡ್ ಪರೀಕ್ಷೆ ಮಾಡಿಸಿ ಅಂಕಿಯನ್ನೂ ಬರಿ. ಅವನಿಗೆ ಸ್ವಲ್ಪ ಬೇಸರ. "ಸೋಡಾ ಅಂತ ನೋಡಿದ್ರೆ ಯಾರು ತಗೋತಾರೆ ಅಕ್ಕ, ಪಕ್ಕದವನು ಸಕ್ಕರೆ ಬೆರೆಸಿ ಪ್ಯೂರ್ ಅಂತ ಬರ್ಕೊಂಡಿದಾನೆ" ಅಂದ. ಅದೂ ನಿಜ. ಅಗ್ಗದ ಸಕ್ಕರೆಯನ್ನು ಕೊಪ್ಪರಿಗೆಗೆ ಸುರಿದು ಬೆಲ್ಲ ಮಾಡುವುದು ನಮ್ಮ ಕಡೆ ಗುಟ್ಟಿನ ವಿಷಯವೇನಲ್ಲ. ಮಾತು ಇನ್ನೂ ಮುಗಿದಿಲ್ಲ. ಈ ದೀಪಾವಳಿಗೆ ಅವನು ಪ್ಯಾಕೆಟ್ ಪ್ರಿಂಟ್ ಮಾಡಿಸಬೇಕು. ನಿಮ್ಮಲ್ಲಿ ಯಾರಾದರೂ ಅವನಿಗೆ ಎರಡು ಮಾತು ಹೇಳಿ, ನನ್ನ ಮಾತಿಗಿಂತ ಗಿರಾಕಿಯ ಮಾತು ಅವನಿಗೆ ತೂಕ.

ಮನೆಯಲ್ಲಿ ಬೆಲ್ಲ ನೋಡಿ ಹೇಳಲು ಆಗುತ್ತದೆಯೇ ಅಂತ ಕೇಳುವವರಿಗೆ: ಪೂರ್ತಿ ಆಗುವುದಿಲ್ಲ. ತೀರಾ ತಿಳಿ ಹಳದಿ ಇದ್ದರೆ ಅನುಮಾನ ಪಡಬಹುದು, ಅಷ್ಟೇ. ಕಪ್ಪಗಿದ್ದ ಮಾತ್ರಕ್ಕೆ ಶುದ್ಧವೂ ಅಲ್ಲ. ಒಲೆ ಹೆಚ್ಚಾಗಿ ಪಾಕ ಸೀದಿರಬಹುದು, ಹಳೆಯದಿರಬಹುದು, ಹೈಡ್ರೋಸ್ ಹಾಕಿದ್ದೇ ಬಣ್ಣ ತಿರುಗಿರಬಹುದು. ಈಗ "ಕಪ್ಪು ಬೆಲ್ಲ ಒಳ್ಳೇದು" ಅಂತ ಗೊತ್ತಾದ ಮೇಲೆ ಕಪ್ಪು ಮಾಡುವ ಉಪಾಯ ಹುಡುಕುವವರೂ ಇರುತ್ತಾರೆ. ಮಾಡುವವರ ಪರಿಚಯ ಇದ್ದರೆ ಆಲೆಮನೆಗೇ ಹೋಗಿ ನಿಂತು ನೋಡಿ, ಮಂಡ್ಯದವರಿಗೆ ಅದೇನು ದೂರವಲ್ಲ. ಇನ್ಹೇಲರ್ ಇರುವ ಇಬ್ಬರಿಗೆ: ಬೆಲ್ಲ, ಒಣದ್ರಾಕ್ಷಿ, ಏಪ್ರಿಕಾಟ್, ಬಾಟಲಿ ಜ್ಯೂಸ್ ತಿಂದು ಕುಡಿದ ಅರ್ಧ ಗಂಟೆಯೊಳಗೆ ಕೆಮ್ಮು, ಎದೆಬಿಗಿತ ಬಂದರೆ ಏನು ತಿಂದಿರಿ, ಯಾವ ಕಂಪನಿಯದ್ದು, ಎಷ್ಟು ಹೊತ್ತಿಗೆ ಅಂತ ಕ್ಯಾಲೆಂಡರಿನ ಮೇಲೆ ಬರೆದಿಡಿ, ಮುಂದಿನ ಸಲ ಡಾಕ್ಟರಿಗೆ ತೋರಿಸಿ. ಉಸಿರು ತೀರಾ ಕಟ್ಟಿದರೆ ಬರೆಯುತ್ತಾ ಕೂರಬೇಡಿ, ಇನ್ಹೇಲರ್ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ. ಬೆಲ್ಲವನ್ನೇ ಬಿಡಿ ಅಂತ ನಾನು ಹೇಳುತ್ತಿಲ್ಲ, ಯುಗಾದಿಗೆ ಬೇವು ಮಾತ್ರ ತಿನ್ನಲು ಆಗುತ್ತದೆಯೇ.

ಮುಂದಿನ ಭಾಗದಲ್ಲಿ ಇಂಗು. ಡಬ್ಬಿಯ ಮೇಲೆ ಗೋಂದು, ಮೈದಾ ಅಂತ ಯಾಕೆ ಬರೆದಿರುತ್ತದೆ, ಒಳಗೆ ನಿಜವಾದ ಇಂಗು ಎಷ್ಟಿರುತ್ತದೆ ಅಂತ ನೋಡೋಣ. ಅಷ್ಟರಲ್ಲಿ ನಿಮ್ಮ ಮನೆಯ ಇಂಗಿನ ಡಬ್ಬಿಯ ಹಿಂಭಾಗದ ಫೋಟೋ ತೆಗೆದು ಕಳಿಸಿ. ಮುಂಭಾಗದ್ದು ಬೇಡ.